ಬುಧವಾರದ ಒಡಪುಗಳು

ಅರಿಷಡ್ವರ್ಗಗಳಲ್ಲಿ ಮತ್ಸರಕ್ಕೆ ಕೊನೆಯ ಸ್ಥಾನವೆಂದು ವಿದ್ಯಾರ್ಥಿಗಳಿಗೆ ಕಲಿಸುತ್ತಲೇ ನಾನು ನಿವೃತ್ತನಾದೆ. ನನ್ನ ಬಳಿಗೂ ಅದು ಕೊನೆಯಲ್ಲಿಯೇ ಬಂದಿತು. ಎಪ್ಪತ್ತು ದಾಟಿದ ಮೇಲೆ, ಆಳಂದದ ಒಂದು ಸಣ್ಣ ಬಾನುಲಿ ಕೇಂದ್ರದಲ್ಲಿ, ಗಾಜಿನ ಈಚೆ ಫೋನಿನ ಮುಂದೆ ಕುಳಿತಿದ್ದಾಗ.

ಆ ಕೇಂದ್ರ ನಡೆಯುವುದು ಗಡಿಭಾಗದ ಮರಾಠಿ ಮನೆಮಾತಿನವರಿಗಾಗಿ. ಎರಡು ಕೋಣೆಗಳು, ಮಾಳಿಗೆಯ ಮೇಲೊಂದು ಕಂಬ. ಅದರ ಧ್ವನಿ ಸುತ್ತಲಿನ ಕೆಲವು ಹಳ್ಳಿಗಳನ್ನು ದಾಟುವುದಿಲ್ಲ. ನಾನು ಜೇವರ್ಗಿ ಕಡೆಯವನು, ಕೊಳಕೂರಿನಲ್ಲಿ ಹುಟ್ಟಿದವನು. ಮರಾಠಿ ಕೇಳಿದರೆ ತಿಳಿಯುತ್ತದೆ, ನಾಲಿಗೆಗೆ ಹತ್ತುವುದಿಲ್ಲ. ಆದರೂ ಪ್ರತಿದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಶರಣರ ಮಾತುಗಳನ್ನು ಕನ್ನಡದಲ್ಲಿ ವಿವರಿಸಿರೆಂದು ಕರೆದರು, ಶಿವಸೇವೆಯೆಂದು ಒಪ್ಪಿಕೊಂಡೆ. ನನ್ನ ಹೆಂಡತಿ ಹಿರೋಳ್ಳಿಯಾಚೆ, ಗಡಿಗೆ ಅಂಟಿಕೊಂಡಿರುವ ಊರಿನವಳು. ತವರಿನ ಮಾತು ಮರಾಠಿ. ಒಂದು ದಿನ ನನಗೆ ಬುತ್ತಿ ಕೊಡಲು ಬಂದವಳನ್ನು ಕೇಂದ್ರ ನೋಡಿಕೊಳ್ಳುವ ಹೆಣ್ಣುಮಗಳು ಮಾತಿಗೆಳೆದು, ಹಾಗೆಯೇ ಮೈಕಿನ ಮುಂದೆ ಕೂರಿಸಿಬಿಟ್ಟಳು.

ಬುಧವಾರ ಮಧ್ಯಾಹ್ನದ ಕಾರ್ಯಕ್ರಮ ಹುಟ್ಟಿದ್ದು ಹಾಗೆ. ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೆ ಉಚ್ಚರಿಸುವುದಿಲ್ಲ. ಎರಡು ಸಾಲು ಪ್ರಾಸ ಕಟ್ಟಿ, ಅದರ ತುದಿಗೆ ಹೆಸರನ್ನಿಟ್ಟು ಹೇಳುತ್ತಾರೆ. ನಾವು ಒಡಪು ಎನ್ನುವುದನ್ನು ಮರಾಠಿಯವರು ಉಖಾಣಾ ಎನ್ನುತ್ತಾರೆ. ಕೇಳುಗರು ಫೋನು ಮಾಡಿ ತಮ್ಮ ತಮ್ಮ ಉಖಾಣಾ ಹೇಳಬೇಕು, ನನ್ನವಳು ಅವರನ್ನು ಮಾತಾಡಿಸಬೇಕು. ಫೋನೆತ್ತಿ, ಊರು ಕೇಳಿ, ಕರೆಯನ್ನು ಒಳಗೆ ದಾಟಿಸುವ ಕೆಲಸ ನನ್ನದಾಯಿತು.

ಗಾಜಿನ ಆಚೆ ಕುಳಿತ ಆ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಮನೆಯಲ್ಲಿ ಅಳೆದು ತೂಗಿ ಕನ್ನಡವಾಡಿದವಳು ಅಲ್ಲಿ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಭೂಸನೂರಿನ ಒಬ್ಬಾಕೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಗಂಡನ ಹೆಸರನ್ನು ಬೆಲ್ಲಕ್ಕೆ ಹೊಂದಿಸಿ ಹೇಳಿದಳು. "ಅಷ್ಟು ಸಿಹಿ ಅದಾನೇನ ನಿನ್ನ ಗಂಡ? ಹಂಗಾದ್ರ ಹೊರಗ ಮಲಗಿಸಬ್ಯಾಡವ್ವಾ, ಇರುವಿ ಹತ್ತ್ಯಾವು!" ಎಂಬರ್ಥದಲ್ಲಿ ನನ್ನವಳು ಮರಾಠಿಯಲ್ಲಿ ಛೇಡಿಸಿದಳು. ಆಚೆಯವಳ ನಗು ನನ್ನ ಕಿವಿಯ ಫೋನನ್ನೇ ನಡುಗಿಸಿತು.

ಆ ಟ್ರ್ಯಾಕ್ಟರಿನವನ ಮೇಲೆ ನನಗೆ ಹೊಟ್ಟೆ ಉರಿಯಿತು. ಅವನೊಬ್ಬನ ಮೇಲಷ್ಟೇ ಅಲ್ಲ. ಕಟಿಂಗ್ ಅಂಗಡಿಯವನ ಹೆಸರು ಆಕಾಶಕ್ಕೆ ಏರಿತು, ಹೆಂಡತಿಯ ಮೇಲೆ ಕೈ ಮಾಡುವವನೆಂದು ಊರೇ ಬಲ್ಲ ಒಬ್ಬನ ಹೆಸರೂ ಏರಿತು. ನನ್ನದೊಂದೇ ಇಲ್ಲ. "ತಾಯೀ, ನಿಮ್ಮವರದು ಯಾವಾಗ?" ಎಂದು ಕೇಳುಗರು ಪೀಡಿಸಿದರೆ "ಮುಂದಿನ ಬುಧವಾರ" ಎಂದು ಜಾರಿಕೊಳ್ಳುತ್ತಿದ್ದಳು. ಲಗ್ನದಲ್ಲಿ ಅವಳು ನನ್ನ ಹೆಸರು ಹೇಳಿದ್ದುಂಟು. ಆದರೆ ಅದು ನನ್ನ ತಾಯಿ ಬಾಯಿಪಾಠ ಮಾಡಿಸಿದ ಕನ್ನಡದ ಒಡಪು. ಅವಳ ಸ್ವಂತ ಮಾತಿನಲ್ಲಿ ನನ್ನ ಹೆಸರು ಹೇಗೆ ಕೇಳಿಸುತ್ತದೆಂಬುದನ್ನು ನಾನರಿಯೆ. ಅದನ್ನೊಮ್ಮೆ ಕೇಳಬೇಕೆಂಬ ಆಸೆ ಬೆಳಗಿನ ಲಿಂಗಪೂಜೆಯಲ್ಲಿಯೂ ನನ್ನನ್ನು ಬಿಡಲಿಲ್ಲ.

ಒಂದು ಬುಧವಾರ ಬಂಧುಗಳ ಗೃಹಪ್ರವೇಶಕ್ಕೆಂದು ಕೊಳಕೂರಿಗೆ ಹೋಗಬೇಕಾಯಿತು. ನಮ್ಮ ಕೇಂದ್ರದ ಧ್ವನಿ ಅಲ್ಲಿಗೆ ಮುಟ್ಟುವುದಿಲ್ಲ. ಮರುದಿನ ಆಳಂದದಲ್ಲಿ ಬಸ್ಸಿಳಿದೊಡನೆ ಚಹಾದಂಗಡಿಯವನು ಕೂಗಿದ.

"ಮಾಸ್ತರ್ರಿ, ನಿನ್ನಿ ಅಕ್ಕೋರು ನಿಮ್ಮ ಹೆಸರು ತಗದ್ರಲ್ರೀ! ಭಾರೀ ಅಂದ್ರು!"

"ಏನಂದಳು?"

"ಅದೇನೋ ಅಂದ್ರು ನೋಡ್ರಿ... ನಕ್ಕೋತ ಕೇಳಿದ್ವಿ, ನೆನಪ ಉಳೀಲಿಲ್ಲ. ಯಾಕ್ರಿ, ನೀವ ಕೇಳಿಲ್ಲೇನು?"

ಹಾಲಿನವನು ಕೇಳಿದ್ದ. ಮೆಡಿಕಲ್ ಅಂಗಡಿಯವನು ಕೇಳಿದ್ದ. ಧ್ವನಿ ತಲುಪದ ಅಫಜಲಪುರದಲ್ಲಿರುವ ನಾದಿನಿಗೂ ಯಾರೋ ಪುಣ್ಯಾತ್ಮರು ರೇಡಿಯೊದ ಮುಂದೆ ಫೋನು ಹಿಡಿದು ಕೇಳಿಸಿದ್ದರು. ಕೇಂದ್ರದ ಹೆಣ್ಣುಮಗಳು, "ರೆಕಾರ್ಡ್ ಅದರಿ ಸರ್, ಹಾಕ್ಲೇನು?" ಎಂದು ಮುಸಿಮುಸಿ ನಕ್ಕಳು. ಬೇಡವೆಂದೆ. ಊರೆಲ್ಲ ಉಂಡೆದ್ದ ಎಲೆಗೆ ನಾನು ಕೂರುವುದೇ?

ಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು.

"ನಾ ಎದುರಿಗೆ ಕುಂತಾಗ ಹೇಳಲಿಲ್ಲ. ನಾ ಊರಾಗ ಇಲ್ಲದಾಗ ಹೇಳೀದಿ. ಯಾಕ?"

"ಎದುರಿಗೆ ಕುಂತಿರ್ತೀರಂತನ ಹೇಳಲಿಲ್ರಿ. ಪರೀಕ್ಷಾ ತಗೊಳ್ಳೋರಂಗ ಚಾಳೀಸ ಮೂಗಿನ ತುದಿಗೆ ಇಳಿಸಿ ನೋಡ್ತೀರಿ. ನಾಲಿಗಿ ಮ್ಯಾಲ ಬಂದದ್ದು ಗಂಟಲದಾಗ ಇಳೀತದ."

"ಆತು, ಈಗರೆ ಹೇಳು."

"ಅಂದದ್ದನ್ನ ಮತ್ತ ಅನ್ನಂಗಿಲ್ಲ. ಹೊಸಾದು ಕಟ್ಟಬೇಕು."

"ಕಟ್ಟು."

"ಮೊದಲ ಆ ಫೋನಿನ ಮುಂದಿನ ಖುರ್ಚಿ ಬಿಡ್ರಿ, ಆಮ್ಯಾಲ ನೋಡೂಣು," ಎಂದು ತಿರುಗಿಯೂ ನೋಡದೆ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಖುರ್ಚಿ ಬಿಡುವುದು ಸುಲಭವಾಗಿರಲಿಲ್ಲ. ಅವಳು ತಲೆ ಚೆಲ್ಲಿ ನಗುವುದನ್ನು ಕಾಣಲು ನನಗಿದ್ದ ಸ್ಥಳ ಅದೊಂದೇ. ನಾನು ಬಿಟ್ಟರೆ ಅಲ್ಲಿ ಕೂರಲು ನಿವೃತ್ತ ಕಂಡಕ್ಟರೊಬ್ಬರು ಕಾದಿದ್ದರು. ಮರಾಠಿಯನ್ನು ನೀರಿನಂತೆ ಆಡಬಲ್ಲವರು, ನಗಿಸುವುದರಲ್ಲಿ ನಿಪುಣರು. ಎರಡು ಬುಧವಾರ ಹಟದಿಂದ ಕುಳಿತೆ. ಅವಳೂ ಹಟ ಬಿಡಲಿಲ್ಲ. ಮೂರನೆಯ ವಾರ ಬುಧವಾರದ ಕೆಲಸವನ್ನು ಅವರಿಗೆ ಒಪ್ಪಿಸಿ, ಬೆಳಗಿನ ವಿವರಣೆಯನ್ನಷ್ಟೇ ಉಳಿಸಿಕೊಂಡೆ.

ಆ ಮಧ್ಯಾಹ್ನ ಪಡಸಾಲೆಯಲ್ಲಿ ರೇಡಿಯೊದ ಮುಂದೆ ಒಬ್ಬನೇ ಕುಳಿತೆ. ಕಂಡಕ್ಟರು ಗಾಜಿನ ಈಚೆಯಿಂದ ಏನು ಸನ್ನೆ ಮಾಡಿದರೋ, ಅವಳು ಎರಡು ಸಲ ಕಾರಣವಿಲ್ಲದೆ ನಕ್ಕಳು. ನಾನು ಹಲ್ಲು ಕಚ್ಚಿ ಸಹಿಸಿದೆ. ಕರೆಗಳೆಲ್ಲ ಮುಗಿದವು. ಆಮೇಲೆ ಗಂಟಲು ಸರಿಪಡಿಸಿಕೊಂಡು ತನ್ನ ಮಾತಿನಲ್ಲಿ ಹೇಳಿದಳು. "ಶ್ಲೋಕ ಹೇಳುತ್ತ ಕುಳಿತವರ ಮುಂದೆಯೇ ಹಾಲು ಉಕ್ಕಿ ಹೋಯಿತು, ಬೈಯಲೆಂದು ನಾನು ಬಾಯಿ ತೆರೆದರೆ ಬಂದದ್ದು..." ಎಂದು ತಡೆದು, ಅಲ್ಲಿ ನನ್ನ ಹೆಸರನ್ನಿಟ್ಟಳು. ನನ್ನ ತಂದೆ ತಾಯಿಗಳು ಇಟ್ಟ ಹೆಸರೇ. ಆದರೆ ಅದರ ನಡುವಣ ಅಕ್ಷರವೊಂದನ್ನು ಅವಳು ಮೃದುವಾಗಿ ಎಳೆದಳು. ಹಾಗೆ ನನ್ನನ್ನು ಯಾರೂ ಕರೆದದ್ದಿಲ್ಲ.

ಅದೇ ಗಳಿಗೆಯಲ್ಲಿ ಪಕ್ಕದ ಮನೆಯ ರೇಡಿಯೊದಿಂದಲೂ ಅದೇ ಹೆಸರು ಕೇಳಿಬಂದಿತು. ಆ ಮನೆಯವರೆಲ್ಲ ಗೊಳ್ಳೆಂದು ನಕ್ಕರು. ನಾನೆದ್ದು ಹೋಗಿ ಅವರ ಕಡೆಯ ಕಿಟಕಿಯನ್ನು ಮುಚ್ಚಿದೆ.