ಇನ್‌ಸ್ಪೆಕ್ಟರಿಗೆ ನಾನು ಹೇಳಿದ ವಾಕ್ಯ

ನಮ್ಮ ಇಂಗ್ಲಿಷ್ ಮೇಷ್ಟ್ರ ಕರಿಕೋಟಿನ ಬಲತೋಳು ಮೊಣಕೈವರೆಗೆ ಬೆಳ್ಳಗಿರುತ್ತಿತ್ತು. ಬೋರ್ಡು ಒರೆಸುವ ಬಟ್ಟೆ ಪಕ್ಕದಲ್ಲೇ ನೇತಾಡುತ್ತಿದ್ದರೂ ಪುಣ್ಯಾತ್ಮರಿಗೆ ತೋಳೇ ಬೇಕು. ಮೂವತ್ತರ ದಶಕದ ಕೊನೆ. ಶ್ರೀನಿವಾಸಪುರದ ಆ ಶಾಲೆಯಲ್ಲಿ ಗಂಡುಹುಡುಗರ ನಡುವೆ ನಾನೊಬ್ಬಳೇ ಹುಡುಗಿ. ನನ್ನನ್ನು ಇಂಗ್ಲಿಷ್ ಕ್ಲಾಸಿಗೆ ಸೇರಿಸಿಕೊಂಡವರು ಅವರೇ.

ಅವರದೊಂದು ಹಟ. ಹೊಸ ಮಾತು ಕಲಿತರೆ ಅದನ್ನು ಬಳಸಿ ವಾಕ್ಯ ಹೇಳಬೇಕು, ಆ ವಾಕ್ಯ ನಿಜವಾಗಿರಬೇಕು. ಲಂಡನ್ನಿನ ದೊರೆ, ಹಿಮದ ಬೆಟ್ಟ ಎಂದೆಲ್ಲ ಬೊಗಳೆ ಬಿಟ್ಟರೆ, "ನೀನು ಕಂಡಿದ್ದೀಯೇನೋ? ಕಂಡಿದ್ದು ಹೇಳು" ಎಂದು ಕೂರಿಸಿಬಿಡುವರು. ಹೀಗಾಗಿ ನಮ್ಮನೆಯ ಎಮ್ಮೆ, ಯಲ್ದೂರಿನ ಮಾವಿನಕಾಯಿ, ಅಜ್ಜಿಯ ತೆಲುಗು ಬೈಗುಳ ಎಲ್ಲವೂ ಇಂಗ್ಲಿಷಿಗೆ ಹೋದವು.

ಒಂದು ದಿನ ‘ಅಟ್ ಲಾಗರ್‌ಹೆಡ್ಸ್’ ಎಂದು ಬರೆದರು. ಇಬ್ಬರು ಒಬ್ಬರಿಗೊಬ್ಬರು ಸೇರದೆ ಕಚ್ಚಾಡುವುದು, ಎಣ್ಣೆ ಸೀಗೆಕಾಯಿ ಅನ್ನುತ್ತೇವಲ್ಲ, ಹಾಗೆ ಎಂದರು. ಅಷ್ಟರಲ್ಲಿ ಶಾಲೆಯ ತನಿಖೆಗೆಂದು ಇನ್‌ಸ್ಪೆಕ್ಟರ್ ಸಾಹೇಬರು ಒಳಗೆ ಬಂದರು. ಹಿಂದೆ ಹೆಡ್‌ಮಾಸ್ಟರು. ಬೋರ್ಡಿನ ಮೇಲಿದ್ದ ಮಾತಿಗೆ ವಾಕ್ಯ ಹೇಳೆಂದು ಸಾಹೇಬರು ನನ್ನನ್ನೇ ಎಬ್ಬಿಸಿದರು. ಕಂಡದ್ದನ್ನೇ ಹೇಳಿದೆ. ನಮ್ಮ ಹೆಡ್‌ಮಾಸ್ಟರೂ ಇಂಗ್ಲಿಷ್ ಮೇಷ್ಟ್ರೂ ಸದಾ ‘ಅಟ್ ಲಾಗರ್‌ಹೆಡ್ಸ್’ ಎಂದು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಒಪ್ಪಿಸಿಬಿಟ್ಟೆ. ಸಾಹೇಬರು ಗಟ್ಟಿಯಾಗಿ ನಕ್ಕರು. ಹೆಡ್‌ಮಾಸ್ಟರು ನಗಲಿಲ್ಲ. ತಿಂಗಳೊಳಗೆ ಮೇಷ್ಟ್ರಿಗೆ ಮಾಲೂರಿನಾಚೆಯ ಹಳ್ಳಿಗೆ ವರ್ಗವಾಯಿತು.

ಹೊರಡುವ ಮುನ್ನ ಮನೆಗೆ ಬಂದು, ಇವಳನ್ನು ಶಾಲೆ ಬಿಡಿಸಬೇಡಿ ಎಂದು ಅಪ್ಪನಿಂದ ಮಾತು ತೆಗೆದುಕೊಂಡರು. ಬಾಗಿಲ ಹಿಂದೆ ಅಳುತ್ತಿದ್ದ ನನ್ನ ಕಡೆ ತಿರುಗಿ, "ವಾಕ್ಯದಲ್ಲಿ ತಪ್ಪೇನಿರ್ಲಿಲ್ಲ ಕಣಮ್ಮಾ" ಎಂದರು. ಅವರಿಬ್ಬರ ಜಗಳ ಯಾತಕ್ಕೆಂದು ಅಪ್ಪ ಆಮೇಲೆ ಹೇಳಿದರು. ಹುಡುಗಿಗೆ ಇಂಗ್ಲಿಷ್ ಯಾಕೆ ಎಂದು ಹೆಡ್‌ಮಾಸ್ಟರು, ಬೇಕೇ ಬೇಕು ಎಂದು ಇವರು. ನನ್ನ ಬಾಯಿಗಿಷ್ಟು ಮಣ್ಣು ಹಾಕ! ನನಗಾಗಿ ಜಗಳಕ್ಕೆ ನಿಂತವರನ್ನೇ ನಾನು ಊರು ಬಿಡಿಸಿದ್ದೆ.

ಅವರು ತಿರುಗಿ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಆ ಹಳ್ಳಿಯಲ್ಲೇ ಜ್ವರ ಬಂದು ತೀರಿಕೊಂಡರು. ಅಷ್ಟರಲ್ಲಿ ನಾನು ಕೋಲಾರದಲ್ಲಿ ಉಪಾಧ್ಯಾಯಿನಿಯಾಗಿದ್ದೆ. ಅಲ್ಲಿಂದ ಮಾಲೂರು ಎಷ್ಟು ದೂರ? ಆದರೂ ಹೋಗಿ ನೋಡಿರಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಆ ವರ್ಷ ಪಾಠದಲ್ಲಿ ಅದೇ ಮಾತು ಬಂತು. ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿದೆ. ವಾಕ್ಯ ಹೇಳುತ್ತೇನೆಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು. ನಾನು ಅವಳನ್ನು ಏಳಿಸಲಿಲ್ಲ. ಬೋರ್ಡಿನ ಕಡೆ ತಿರುಗಿ ಸೆರಗಿನಿಂದಲೇ ಒರೆಸಿಬಿಟ್ಟೆ.