ಮೇಲೆ ಹದಿನೆಂಟು, ಕೆಳಗೆ ಇಪ್ಪತ್ತೆರಡು

ಸೇಡಂ ಕಡೆಯ ಜಟ್ಟೆಮ್ಮನಿಗೆ ಮೂರನೆಯ ವರ್ಷಕ್ಕೆ ಪೋಲಿಯೋ ಬಂದು ಕಾಲೆರಡೂ ಸೋತವು. ಕೈ ಮಾತ್ರ ಗಟ್ಟಿ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವುದು ಅವಳ ಕೆಲಸ. ಹಲಸೂರು ಕೆರೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಅವಳೂ ತಮ್ಮ ಮುತ್ತಣ್ಣನೂ ಇದ್ದರು. ಮುತ್ತಣ್ಣ ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಹೆಲ್ಪರ್. ಊರಿಗೆ ಬರೆಯುವ ಕಾಗದದಲ್ಲಿ ಮಾತ್ರ ಅದೇನೋ ‘ಹೆಲ್ಪರ್’ ಅನ್ನುವುದು ಬಿಟ್ಟುಹೋಗುತ್ತಿತ್ತು.

ಜಟ್ಟೆಮ್ಮನದು ಯಾವುದೋ ಶಿಬಿರದಲ್ಲಿ ಪುಕ್ಕಟೆ ಸಿಕ್ಕ ಮೂರು ಗಾಲಿಯ ಸೈಕಲ್ಲು. ಎದೆಯ ಮುಂದಿರುವ ಪೆಡಲನ್ನು ಕೈಯಿಂದ ತಿರುಗಿಸಿದರೆ ಚೈನು ಕೆಳಗಿಳಿದು ಮುಂದಿನ ಗಾಲಿಯನ್ನು ಉರುಳಿಸುತ್ತದೆ. ಸಪಾಟು ರಸ್ತೆಯಲ್ಲಿ ತೊಂದರೆಯಿಲ್ಲ. ಕೆರೆ ದಾಟಿದ ಮೇಲಿನ ಏರಿನಲ್ಲಿ ಮಾತ್ರ ಕೈ ಸೋಲುತ್ತಿತ್ತು. ಅಲ್ಲಿ ದಿನಾ ಮುತ್ತಣ್ಣ ಹಿಂದಿನಿಂದ ನೂಕಿ, ಮೇಲೆ ಬಿಟ್ಟು, ಬಸ್ಸಿಗೆ ಓಡುತ್ತಿದ್ದ.

೧೯೯೮ರಲ್ಲಿ ಅವನನ್ನು ಮೊದಲ ಪಾಳಿಗೆ ಹಾಕಿದರು. ಮುಂದಿನ ಸೋಮವಾರದಿಂದ ಬೆಳಗಿನ ಐದಕ್ಕೇ ಹೊರಡಬೇಕು. ಟೈಲರ್ ಅಂಗಡಿಯಲ್ಲೋ, ಒಂಬತ್ತು ದಾಟಿ ಬಂದವರ ಕೆಲಸ ಬೇರೆಯವರ ಪಾಲು. ಜಟ್ಟೆಮ್ಮ ಒಬ್ಬಳೇ ಏರು ಹತ್ತಬೇಕು, ಇಲ್ಲವೇ ಕೆಲಸ ಬಿಡಬೇಕು.

“ದಾರ್‍ಯಾಗ ಯಾರಿಗರೆ ಹೇಳಿ ನೂಕಿಸ್ಕೋ ಅಕ್ಕಾ.”

“ನಾ ಏನ್ ಭಾಜಿ ಬಂಡಿ ಏನೋ, ಕಂಡಕಂಡೋರು ನೂಕ್ಲಿಕ್ಕ?”

“ಹಂಗಾರ ನನಗ ಬಿಡು. ದಿನಾ ಗೇರು, ಹಲ್ಲಿನ ಚಕ್ರದಾಗೇ ಇರ್ತೀನಿ.”

ಅವನು ದಿನಾ ಇರುತ್ತಿದ್ದದ್ದು ಲೇತಿನ ಕೆಳಗೆ ಬೀಳುವ ಕಬ್ಬಿಣದ ಚೂರು ಗುಡಿಸುವುದರಲ್ಲಿ. ಅದೇನೇ ಇರಲಿ, ದೊಡ್ಡದಕ್ಕೆ ಬಲ ಹೆಚ್ಚು ಎಂದು ಅವನ ತರ್ಕ. ಗುಜರಿಯಿಂದ ದೊಡ್ಡ ಸೈಕಲ್ಲಿನ ನಲವತ್ತನಾಲ್ಕು ಹಲ್ಲಿನ ಚಕ್ರ ತಂದು, ಪೆಡಲಿನ ಹತ್ತಿರವಿದ್ದ ಸಣ್ಣದನ್ನು ತೆಗೆಸಿ, ಅದನ್ನು ಕೂರಿಸಿದ.

ಶುಕ್ರವಾರ ಬೆಳಿಗ್ಗೆ ಕೆರೆಯ ಪಕ್ಕದಲ್ಲಿ ಸೈಕಲ್ಲು ಹಾರಿತು. “ಏ ತಮ್ಮಾ, ಗಾಳಿ ಹಂಗ ಓಡ್ತದ!” ಎಂದು ಅವಳು ಕೂಗಿದಾಗ ಮುತ್ತಣ್ಣ ಒಂದಂಗುಲ ಬೆಳೆದ. ತನ್ನ ಗೆಲುವನ್ನು ದೂರದಿಂದ ನೋಡಬೇಕೆಂದು ಏರಿನ ಬುಡದಲ್ಲೇ ನಿಂತ.

ಅರ್ಧ ಏರಿನಲ್ಲಿ ಪೆಡಲು ಕಲ್ಲಾಯಿತು. ಗಾಡಿ ಹಿಂದಕ್ಕೆ ಜಾರತೊಡಗಿತು. ಅವನು ಓಡಿ ತಲುಪುವುದರೊಳಗೆ ಇಬ್ಬರು ಕಾಲೇಜು ಹುಡುಗರು ನಗುತ್ತಾ ಅವಳನ್ನು ಮೇಲಕ್ಕೆ ನೂಕಿದ್ದರು. ಯಾರೋ ಹಿರಿಯರು ಅವಳ ಮಡಿಲಲ್ಲಿ ಎಂಟಾಣೆ ಇಟ್ಟು ಹೋಗಿದ್ದರು. ಜಟ್ಟೆಮ್ಮ ಅದನ್ನು ಮುಟ್ಟಲೂ ಇಲ್ಲ, ಕೊಡವಲೂ ಇಲ್ಲ.

ಸಂಜೆ ಇಬ್ಬರೂ ಮುನಿಆಂಜನಪ್ಪನ ಸೈಕಲ್ ಶಾಪಿಗೆ ಹೋದರು.

“ಯಾವನ್ ಗುರು ಇದನ್ನ ಹಾಕಿದ್ದು?”

“ಯಾರೋ ಮೆಕ್ಯಾನಿಕ್,” ಎಂದ ಮುತ್ತಣ್ಣ.

“ಇವನೇ,” ಎಂದಳು ಜಟ್ಟೆಮ್ಮ.

ಮುನಿಆಂಜನಪ್ಪ ನಗಲಿಲ್ಲ. ಚೈನಿನ ಮೇಲೆ ಬೆರಳಿಟ್ಟು ಹೇಳಿದ. “ಚೈನು ಹಲ್ಲು ಎಣಿಸ್ಕೊಂಡು ಹೋಗುತ್ತೆ. ಮೇಲೆ ನಲವತ್ನಾಲ್ಕು ದಾಟಿದ್ರೆ ಕೆಳಗೂ ನಲವತ್ನಾಲ್ಕು ದಾಟ್ಲೇಬೇಕು. ಕೆಳಗೆ ಗಾಲಿಗಿರೋ ಹಲ್ಲಿನ ಚಕ್ರ, ಈ ಫ್ರೀವೀಲಿಗೆ ಇರೋದೇ ಹದಿನೆಂಟು. ನಿಮ್ಮಕ್ಕ ಒಂದು ಸುತ್ತು ತಿರುಗಿಸಿದ್ರೆ ಗಾಲಿ ಹತ್ತತ್ರ ಎರಡೂವರೆ ಸುತ್ತು. ಎರಡೂವರೆ ಸುತ್ತಿನ ಏರೆಲ್ಲ ಕೈಯ ಒಂದೇ ಸುತ್ತಿನ ಮೇಲೆ ಬಿದ್ರೆ ಕೈ ಏನ್ ಮಾಡುತ್ತೆ?”

“ಹಂಗಾರ ಮ್ಯಾಲ ಸಣ್ಣದು ಹಾಕಿದ್ರ ಸಲೀಸೇನು?” ಎಂದ ಮುತ್ತಣ್ಣ.

“ಸಲೀಸು ಅಂತ ಯಾರಂದ್ರು? ಭಾರನೂ ಅಷ್ಟೇ, ಏರೂ ಅಷ್ಟೇ. ಚೂರುಚೂರು ಮಾಡಿ ಹೊರೋದು. ಸುತ್ತು ಜಾಸ್ತಿ, ಹೊತ್ತೂ ಜಾಸ್ತಿ.” ಜಟ್ಟೆಮ್ಮನ ಕಡೆ ತಿರುಗಿದ. “ನಿಧಾನ ಆಗುತ್ತೆ ಕಣಮ್ಮ. ನಡೆಯೋರೂ ಮುಂದೆ ಹೋಗ್ತಾರೆ.”

“ಹೋಗ್ಲಿ ಬಿಡ್ರೀ ಅಣ್ಣಾ. ಗಾಡಿ ಹಿಂದ ಸರೀಬಾರ್ದು, ಅಷ್ಟ.”

ಗಾಲಿಯಲ್ಲಿದ್ದ ಹದಿನೆಂಟು ಹಲ್ಲಿನ ಫ್ರೀವೀಲನ್ನು ಅವನು ಕಳಚಿ, ಸುಮ್ಮನೆ ತಿರುಗದಂತೆ ವೆಲ್ಡಿಂಗ್ ಮಾಡಿಸಿ, ಪೆಡಲಿನ ಹತ್ತಿರ ಕೂರಿಸಿದ. ಗಾಲಿಗೆ ಇಪ್ಪತ್ತೆರಡು ಹಲ್ಲಿನದು ಹಾಕಿದ. ಚೈನು ಸಡಿಲಾಗಿ ಜೋತುಬಿದ್ದಿತು. ಕೊಂಡಿ ತೆಗೆದು ಬಿಗಿಮಾಡಿದ. ಈಗ ಕೈ ಒಂದು ಸುತ್ತು ಪೂರಾ ತಿರುಗಿದರೂ ಗಾಲಿ ಒಂದು ಸುತ್ತಿಗೆ ತುಸು ಕಡಿಮೆಯೇ ಉರುಳುತ್ತಿತ್ತು.

ಭಾನುವಾರ ಏರಿನಲ್ಲಿ ಪರೀಕ್ಷೆ. ಮುತ್ತಣ್ಣ ಪಕ್ಕದಲ್ಲೇ ನಡೆದ. ಸೊಪ್ಪಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಅವರನ್ನು ದಾಟಿ ಹೋದಳು. ಅಕ್ಕನ ಕತ್ತಿನ ನರ ಉಬ್ಬಿದ್ದು ಕಂಡು ಅವನ ಕೈ ತಾನಾಗಿ ಸೀಟಿನ ಹಿಂಬದಿಗೆ ಹೋಯಿತು.

“ಕೈ ತೆಗಿ.”

ತೆಗೆದ. ಅವನು ನೂಕಿದರೆ ಆರೇಳು ನಿಮಿಷದ ದಾರಿ. ಈಗ ಇಪ್ಪತ್ತೈದು ನಿಮಿಷವಾಯಿತು. ಮೇಲೆ ತಲುಪಿದಾಗ ಅವಳು ಬ್ರೇಕು ಹಿಡಿದು ಪೆಡಲಿಗೆ ಹಣೆ ಹಚ್ಚಿ ಕುಳಿತುಬಿಟ್ಟಳು.

ಸೋಮವಾರ ಎಂಟೂಕಾಲಿಗೆ, ಅಕ್ಕ ಏರಿಗೆ ಬರುವ ಹೊತ್ತಿಗೆ, ಮುತ್ತಣ್ಣ ಗಡಿಯಾರ ನೋಡುತ್ತಾ ಲೇತಿಗೆ ಸುರಿಯಬೇಕಿದ್ದ ಎಣ್ಣೆ ನೀರನ್ನು ತನ್ನದೇ ಚಪ್ಪಲಿಗೆ ಸುರಿದುಕೊಂಡ. ಲೇತ್ ನಡೆಸುವ ಟರ್ನರ್ ಬೈದದ್ದು ಅವನ ಕಿವಿಗೇ ಬೀಳಲಿಲ್ಲ. ಮಧ್ಯಾಹ್ನವೇ ಕೋಣೆಗೆ ಬಂದು ಬಾಗಿಲಲ್ಲಿ ಕುಳಿತ. ಏಳು ಗಂಟೆಗೆ ಜಟ್ಟೆಮ್ಮ ಬಂದಳು.

“ಏನಾಯ್ತು?”

“ಒಂಬತ್ತಕ್ಕ ಇನ್ನ ಐದು ನಿಮಿಷ ಇತ್ತು. ಯಾರೂ ಕೈ ಹಚ್ಚಲಿಲ್ಲ.”

ಅವನು ರೊಟ್ಟಿ ಬಡಿಸಿದ. ಅವಳ ಬೆರಳುಗಳು ಬಾತುಕೊಂಡಿದ್ದವು, ರೊಟ್ಟಿ ಮುರಿಯಲು ಮಡಚುತ್ತಿರಲಿಲ್ಲ. ಅಂಗೈಯ ಬೊಬ್ಬೆ ಒಂದು ಒಡೆದಿತ್ತು. ಅವನೇ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿಟ್ಟ.

“ಕೆಳಗ ಇನ್ನೂ ದೊಡ್ಡದು ಹಾಕಿಸೋಣೇನು, ಅಕ್ಕಾ?”

“ಬ್ಯಾಡ. ಇನ್ನಷ್ಟು ಸುತ್ತು ತಿರುಗಸ್ಲಿಕ್ಕ ಹೊತ್ತೆಲ್ಲಿ ಅದ? ನಾಳಿ ಇನ್ನೂ ಜಲ್ದಿ, ಆರೂವರಿಗೇ ಹೊಂಡ್ತೀನಿ, ನಡುನಡುವ ಕೈಗೆ ದಣಿವಾರಿಸ್ಕೋತ ಹೋಗ್ಲಿಕ್ಕ. ಪೆಡಲಿಗೆ ಒಂದಿಷ್ಟು ಅರಿಬಿ ಸುತ್ತಿಡು.”

ಅವನು ತನ್ನ ಹಳೆಯ ಬನಿಯನ್ನು ಹರಿದು ಎರಡೂ ಪೆಡಲಿಗೆ ಸುತ್ತಿದ. ಅವಳು ಊಟ ಮುಗಿಸಿ, ಬೆರಳನ್ನು ಒಂದೊಂದಾಗಿ ಬಿಸಿನೀರಿನಲ್ಲಿ ಮಡಚಿ ಬಿಚ್ಚುತ್ತಾ ಕುಳಿತಿದ್ದಳು.