ದಾಕಿನ ಗುರುತು ಹುಡುಕುತ್ತಿದ್ದ ಬಾಯಮ್ಮ

ಪ್ರಣೀತಾ, ಧೀರಜ್, ಸಾನ್ವಿ, ನೀವು ಮೂವರೂ ಬಾಯಮ್ಮನ ಹೆಬ್ಬೆರಳನ್ನು ನೋಡಿದವರಲ್ಲ. ಅಗಲವಾದ ಹೆಬ್ಬೆರಳು, ಚಪ್ಪಟೆ ಉಗುರು. ಬಾಲವಾಡಿಯ ಬಾಗಿಲಲ್ಲಿ ಗಿಡ್ಡ ಮಣೆ ಹಾಕಿ ಕೂತು, ಹೊಸದಾಗಿ ಬಂದ ಮಗುವಿನ ಅಂಗಿಯ ತೋಳನ್ನು ಮೇಲೆ ಸರಿಸಿ, ಆ ಹೆಬ್ಬೆರಳನ್ನು ರಟ್ಟೆಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಹಾಗೆ ಎಳೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಸಿಡುಬು ಬಾರದ ಹಾಗೆ ಚುಚ್ಚುವ ದಾಕಿನ ಗುರುತನ್ನು. ಅದು ಬೆರಳಿಗೆ ಸಿಕ್ಕಿದರೆ ಮಗು ಒಳಗೆ ಚಾಪೆಯ ಮೇಲೆ, ಸಿಗದಿದ್ದರೆ ತಾಯಿಯ ಸೊಂಟದ ಮೇಲೆ ವಾಪಸ್ಸು ಮನೆಗೆ.

ಮೊನ್ನೆ ಪ್ರಣೀತಾ ಫೋನು ಮಾಡಿ, ಮಗುವನ್ನು ಸೇರಿಸಲು ಹೋದರೆ ಮಣಿಪಾಲದ ಶಿಶುವಿಹಾರದವರು ಚುಚ್ಚುಮದ್ದಿನ ಕಾರ್ಡು ಕೇಳಿದರು ಎಂದು ಗೊಣಗಿದಳು. "ಎಂತೆಂತದೋ ಹೊಸ ಕಾನೂನು ಅಜ್ಜಿ" ಎಂದಳು. ಹೊಸತಲ್ಲ ಮಗಾ. ನಾಚಿಕೆಯಿಂದ ಫೋನಿನಲ್ಲಿ ನನಗೆ ಉದ್ದಕ್ಕೆ ಮಾತಾಡಲು ಬರುವುದಿಲ್ಲ. ಅದಕ್ಕೆ ಬರೆಯಲು ಕೂತಿದ್ದೇನೆ.

ನಾನು ಹೆಜಮಾಡಿಯ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿ, ಮದುವೆಯಾಗಿ ಕಾಪುವಿನ ಕಡಲಕರೆಗೆ ಬಂದವಳು. ನಿಮ್ಮ ಅಜ್ಜ ಬೇರೆಯವರ ದೋಣಿಯಲ್ಲಿ ದುಡಿಯುತ್ತಿದ್ದರು. ನಾನು ಮೀನಿನ ಬುಟ್ಟಿ ಹೊತ್ತು ಮೂಡು ದಿಕ್ಕಿನ ಹಳ್ಳಿಗಳಿಗೆ ನಡೆಯುತ್ತಿದ್ದೆ. ನಿಮ್ಮ ಅಪ್ಪನಿಗೆ ಆಗ ಮೂರು ವರ್ಷ. ತಲೆಯ ಮೇಲೆ ಬುಟ್ಟಿ, ಸೊಂಟದ ಮೇಲೆ ಅವನು, ಎರಡೂ ಆಗುತ್ತಿರಲಿಲ್ಲ. ಮನೆಯಲ್ಲಿ ಬಿಡೋಣವೆಂದರೆ ಅತ್ತೆಗೆ ಗಂಟುನೋವು, ಓಡಲಾರರು. ಅಂಗಳ ದಾಟಿದರೆ ಕಡಲು. ಒಮ್ಮೆ ಅವನು ಅಲೆಯವರೆಗೆ ಹೋಗಿದ್ದಾಗ ಬಲೆ ಒಣಗಿಸುತ್ತಿದ್ದವರು ಎತ್ತಿಕೊಂಡು ಬಂದಿದ್ದರು. ಅಂದಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ಅರವತ್ತರ ದಶಕದ ಶುರುವಿನಲ್ಲಿ ನಮ್ಮ ಕೇರಿಯ ಹತ್ತಿರ ಹೆಂಚಿನ ಮಾಡಿನ ಒಂದು ಕೊಟ್ಟಿಗೆಯಲ್ಲಿ ಬಾಲವಾಡಿ ತೆರೆಯಿತು. ಅದರ ಟೀಚರು ಕೊಂಕಣಿ ಮಾತಾಡುವ ಕ್ರೈಸ್ತರು. ಅಂಥ ಹೆಂಗಸರನ್ನು ನಮ್ಮಲ್ಲಿ ಬಾಯಮ್ಮ ಅನ್ನುತ್ತೇವೆ. ಬೇರೆ ಹೆಸರಿಟ್ಟು ಅವರನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ಎತ್ತರದ ಆಳು, ಬಿಳಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ದೊಡ್ಡ ಕರವಸ್ತ್ರ. ಯಾವ ಮಗುವಿನ ಮೂಗು ಸುರಿದರೂ ಅದೇ ಕರವಸ್ತ್ರ. ಆದರೆ ಎಲ್ಲಕ್ಕಿಂತ ಹೆಚ್ಚಿನ ಅಭ್ಯಾಸವೆಂದರೆ ಪ್ರಶ್ನೆ ಕೇಳುವುದು. ಬಂಗುಡೆ ಮೀನಿನ ಕಣ್ಣು ಯಾಕೆ ಕೆಂಪಾಯಿತು, ನಿನ್ನ ಬುಟ್ಟಿಯ ಹೆಣಿಗೆ ಯಾಕೆ ಹೀಗೆ, ಮಗು ಯಾಕೆ ಅತ್ತಿತು. ಉತ್ತರ ಸಿಕ್ಕಿದರೆ "ಹೌದಾ!" ಎಂದು ಹುಬ್ಬೇರಿಸುತ್ತಿದ್ದರು, ಬಾಲವಾಡಿಗೆ ಬಂದ ಮಕ್ಕಳ ಹಾಗೆಯೇ.

ಶ್ರಾವಣದ ನೂಲ ಹುಣ್ಣಿಮೆ ಕಳೆದು ದೋಣಿಗಳು ಕಡಲಿಗೆ ಇಳಿದ ವಾರ ನಾನು ಮಗುವನ್ನು ಕರೆದುಕೊಂಡು ಹೋದೆ. ಅತ್ತೆಯೂ ಕೋಲೂರಿಕೊಂಡು ಬಂದರು. ಬಾಯಮ್ಮ ಅವನ ರಟ್ಟೆಯ ಮೇಲೆ ಬೆರಳೆಳೆದರು. ಅಲ್ಲಿ ಒಂದು ಕಪ್ಪು ಕಲೆ ಇತ್ತು. ಬೆರಳು ನಿಂತಿತು, ಕಣ್ಣು ತೆರೆಯಿತು.

"ಇದು ಯಾರು ಹಾಕಿದ ದಾಕು, ಅಕ್ಕ?"

ಅತ್ತೆ ಕಡಲ ಕಡೆ ನೋಡುತ್ತ, "ಹಾಕುವವರು ಹಾಕಿದ್ದಾರೆ" ಎಂದರು.

"ದಾಕಿನ ಗುರುತು ಗುಳಿ ಗುಳಿ ಇರ್ತದೆ. ಇದು ನುಣ್ಣಗೆ ಉಂಟಲ್ಲ? ಇದು ಸುಟ್ಟದ್ದು."

ಅದು ಎಂತದ್ದೆಂದು ನನಗೆ ಆಗ ಹೊಳೆಯಿತು. ದೋಣಿಯ ಮರ ಕೊಳೆಯದಿರಲಿ ಎಂದು ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಎಲ್ಲರ ಮನೆಯಲ್ಲೂ ಇರುತ್ತಿತ್ತು. ಚರ್ಮಕ್ಕೆ ತಗಲಿದರೆ ಸುಟ್ಟು ಕಲೆ ಉಳಿಯುತ್ತದೆ. ನಾನು ಮೀನು ಮಾರಲು ಹೋದ ಒಂದು ದಿನ ಅತ್ತೆ ಅದರ ಒಂದು ಹನಿಯನ್ನು, ದಾಕಿನ ಗುರುತಿನ ಹಾಗೆ ಕಾಣಲೆಂದು, ಮಗುವಿನ ರಟ್ಟೆಗೆ ಇಟ್ಟಿದ್ದರು. ಆಟವಾಡುವಾಗ ತಗಲಿತು ಎಂದು ನನಗೆ ಹೇಳಿದ್ದರು. ಕೇರಿಯಲ್ಲಿ ಇನ್ನೂ ಕೆಲವರು ಹೀಗೆ ಮಾಡಿದ್ದರೆಂದು ಆಮೇಲೆ ತಿಳಿಯಿತು.

ಬಾಯಮ್ಮ ಗದರಿಸಲಿಲ್ಲ. "ದೋಣಿಗೆ ಬಳಿಯೂದನ್ನು ಮಗುವಿಗೆ ಬಳಿದದ್ದಾ?" ಎಂದರು.

"ಬಳಿದ ದೋಣಿಯೊಳಗೆ ನೀರು ಹೊಗೂದಿಲ್ಲ ಬಾಯಮ್ಮ. ಮಗುವಿನೊಳಗೆ ರೋಗ ಹೊಗದಿರಲಿ" ಎಂದು ಅತ್ತೆ ಬಿಟ್ಟುಕೊಡದೆ ಹೇಳಿದರು. ಬಾಗಿಲಲ್ಲಿದ್ದ ಹೆಂಗಸರು ನಕ್ಕರು. ಬಾಯಮ್ಮನೂ ನಕ್ಕರು. ಆದರೆ ಮಗುವನ್ನು ಒಳಗೆ ಬಿಡಲಿಲ್ಲ.

ಅಂದು ಸಂಜೆ ಅವರು ನಮ್ಮ ಮನೆಗೆ ಬಂದು ಅಡಿಗೆಕೋಣೆಯ ಹೊಸ್ತಿಲಲ್ಲಿ ಕೂತರು. ನಾನು ಒಲೆಯ ಹಿಂದೆ ಅಡಗಿದ ಹಾಗೆ ನಿಂತಿದ್ದೆ. ಅವರು ಹರುಕು ತುಳುವಿನಲ್ಲಿ ಕೇಳಿದರು. ಅದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಅಕ್ಕ, ಎಣ್ಣೆಯ ಉರಿ ದಾಕಿನ ಉರಿಗಿಂತ ಜೋರು. ಅದನ್ನೇ ಮಗುವಿಗೆ ಮಾಡಿದಿರಿ. ಹಾಗಾದ್ರೆ ನಿಮಗೆ ಹೆದರಿಕೆ ಉರಿಯದ್ದಲ್ಲ. ಎಂತದ್ದು?"

ಅತ್ತೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ಹೇಳಿದರು. ದಾಕು ಹಾಕಿದರೆ ಬೊಕ್ಕೆ ಏಳುತ್ತದೆ. ಬೊಕ್ಕೆ ಎದ್ದರೆ ಮನೆಗೆ ಮಾರಿಯಮ್ಮ ಬಂದ ಹಾಗೆ. ಅಮ್ಮ ಇರುವಷ್ಟು ದಿನ ಒಗ್ಗರಣೆ ಇಲ್ಲ, ಮೀನು ಹುರಿಯುವುದಿಲ್ಲ, ಯಾರೂ ವ್ಯಾಪಾರಕ್ಕೆ ಹೊರಡುವ ಹಾಗಿಲ್ಲ. ಮೀನಿನ ಬುಟ್ಟಿಯನ್ನು ಮಗುಚಿ ಇಡಬೇಕು. "ಮೀನು ಬೀಳುವ ದಿನಗಳಲ್ಲಿ ಬುಟ್ಟಿ ಮಗುಚಿಟ್ಟರೆ ಉಣ್ಣೂದು ಎಂತದನ್ನು? ಕಡಲಕರೆಯ ಹೊಯಿಗೆಯನ್ನಾ?"

"ಹೌದಾ!" ಎಂದರು ಬಾಯಮ್ಮ. ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಮತ್ತೆ ಕೇಳಿದರು: "ತಾನಾಗಿ ಬರುವ ಅಮ್ಮನಿಗೂ ನಾವು ಕರೆದು ಬರುವ ಅಮ್ಮನಿಗೂ ಒಂದೇ ಕಟ್ಟಳೆಯಾ? ನನಗೆ ಗೊತ್ತಿಲ್ಲ. ಕೇರಿಯಲ್ಲಿ ಇದೆಲ್ಲ ಗೊತ್ತಿರೂದು ನಿಮಗೆ ಅಂತ ಹೇಳಿದ್ರು."

ಅದು ನಿಜ. ಯಾವ ದೈವಕ್ಕೆ ಏನು ನಡೆಸಬೇಕೆಂದು ಕೇರಿಯವರು ಅತ್ತೆಯನ್ನೇ ಕೇಳುತ್ತಿದ್ದರು. ಆದರೆ ಹೀಗೊಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅತ್ತೆ ಜಗಿಯುವುದನ್ನು ನಿಲ್ಲಿಸಿದರು.

"ಕರೆಯದೆ ಬಂದವಳು ಕೋಪದಲ್ಲಿ ಬಂದಿರ್ತಾಳೆ. ಕರೆದು ಬಂದವಳಿಗೆ ಕೋಪ ಯಾಕೆ?" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ದೊಡ್ಡ ದನಿಯಲ್ಲಿ, "ಒಂದು ಎಳನೀರು ಇಟ್ಟು ಕೈಮುಗಿದರೆ ಸಾಕು. ಆ ಒಂದು ದಿನ ಒಗ್ಗರಣೆ ಬೇಡ. ಮರುದಿನ ಬುಟ್ಟಿ ತಲೆಗೆ. ಕೇಳಿತಾ ಮಾರಾಯ್ತಿ, ಒಲೆಯ ಹಿಂದೆ ನಿಂತವಳೇ?" ಎಂದರು.

ದಾಕಿನವರು ಬಂದ ದಿನ ಬಾಯಮ್ಮನ ಮಡಿಲಲ್ಲಿ ಕೂತು ನಿಮ್ಮ ಅಪ್ಪ ಇಡೀ ಕೇರಿಗೆ ಕೇಳುವಂತೆ ಅತ್ತ. ಜ್ವರ ಬಂತು, ಬೊಕ್ಕೆ ಎದ್ದಿತು, ಹೊಟ್ಟು ಉದುರಿತು. ಅವನು ಚಾಪೆಯ ಮೇಲೆ ಕೂತ ದಿನ ನಾನು ಬರೀ ಬುಟ್ಟಿ ಹೊತ್ತು ನಡೆದೆ. ಸೊಂಟ ಹಗುರಾಗಿ ನಡಿಗೆಯೇ ತಪ್ಪುತ್ತಿತ್ತು. ಅತ್ತೆ ಹೇಳಿದ ಕಟ್ಟಳೆ ಕೇರಿಗೆಲ್ಲ ಹಬ್ಬಿತು. ಎಣ್ಣೆಯ ಕಲೆಯಿದ್ದ ಮಕ್ಕಳಿಗೂ ದಾಕು ಬಿತ್ತು.

ಮರುವರ್ಷದ ಬೇಸಿಗೆಯಲ್ಲಿ ಹೊಳೆಯಾಚೆಯ ಕೇರಿಗೆ ಸಿಡುಬು ಬಂತು. ಒಂದೇ ಮನೆಯ ಇಬ್ಬರು ಮಕ್ಕಳು ಹೋದರು. ನಮ್ಮ ಬಾಲವಾಡಿಯ ಒಂದು ಮಗುವಿಗೂ ತಗಲಲಿಲ್ಲ. ಕೇರಿಯವರು ಬಾಯಮ್ಮನಿಗೆ ಕೈಮುಗಿಯಲು ಹೋದರೆ ಅವರು ಆ ಸತ್ತ ಮಕ್ಕಳ ತಾಯಿಯ ಬಳಿ ಕೂತು ಬಂದಿದ್ದರು. ಮುಖ ಬಾಡಿತ್ತು.

"ನಾನು ಬಾಗಿಲಿಗೆ ಬಂದವರನ್ನು ಮಾತ್ರ ನೋಡಿದೆ" ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು. "ಬಾರದವರನ್ನು ಯಾಕೆ ಬರ್ಲಿಲ್ಲ ಅಂತ ಕೇಳ್ಲೇ ಇಲ್ಲ."

ಅಂದಿನಿಂದ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದವರೇ ಹೊಳೆ ದಾಟಿ ಮನೆ ಮನೆಗೆ ಹೋಗುತ್ತಿದ್ದರು. ಕೆಲವರು ನಾಯಿ ಬಿಟ್ಟರು. ಕೆಲವರು ಮತ ಬದಲಿಸಲು ಬಂದವಳೆಂದು ಬೈದರು. "ನಿಮಗೆ ಕೋಪ ಬರೂದಿಲ್ವಾ ಬಾಯಮ್ಮ?" ಎಂದು ನಾನು ಒಮ್ಮೆ ಧೈರ್ಯಮಾಡಿ ಕೇಳಿದೆ. "ಬರ್ತದೆ ಮಾರಾಯ್ತಿ. ಆದರೆ ನಾನು ಕೋಪ ಮಾಡಿದ್ರೆ ಅವರು ಉತ್ತರ ಹೇಳೂದಿಲ್ಲ" ಎಂದರು. ಅತ್ತೆಯೂ ಕೆಲವು ಸಲ ಅವರ ಜೊತೆ ಹೋದರು. ಕಟ್ಟಳೆಯನ್ನು ತಾವೇ ಬಾಯಾರೆ ಹೇಳಬೇಕೆಂದು.

ಕೈಲಾಗದ ಕಾಲಕ್ಕೆ ಬಾಯಮ್ಮ ಕಾರ್ಕಳದಲ್ಲಿದ್ದ ತಮ್ಮನ ಮನೆಗೆ ಹೋದರು. ಅಲ್ಲಿಯೇ ತೀರಿಕೊಂಡರು. ಸುದ್ದಿ ತಿಳಿದು ನಾನೂ ನಿಮ್ಮ ಅಪ್ಪನೂ ಬಸ್ಸು ಹಿಡಿದು ಹೋದಾಗ ಮಣ್ಣು ಮಾಡಿ ಆಗಿತ್ತು. ನನಗೆ ಈಗಲೂ ಒಂದು ಕುತೂಹಲ. ಇಷ್ಟು ಹಟ ಹಿಡಿದು ಮಕ್ಕಳ ರಟ್ಟೆ ಹುಡುಕಲು ಅವರಿಗೆ ಏನಾಗಿತ್ತು? ಅವರ ಮನೆಯಲ್ಲಿ ಯಾರನ್ನಾದರೂ ಸಿಡುಬು ಒಯ್ದಿತ್ತೋ, ಇಲ್ಲವೋ? ಊರೆಲ್ಲರನ್ನೂ ಯಾಕೆ ಎಂದು ಕೇಳಿದ ಅವರನ್ನು ಯಾಕೆ ಎಂದು ಕೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಮಕ್ಕಳೇ, ನಿಮ್ಮ ಅಪ್ಪ ದೊಡ್ಡವನಾದದ್ದು, ನೀವು ಹುಟ್ಟಿದ್ದು, ಎಲ್ಲ ಆ ಹೊಸ್ತಿಲ ಮೇಲಿನ ಮಾತಿನಿಂದ. ಕಡಲಕರೆಯ ಉಪ್ಪುಗಾಳಿಗೆ ಕಾಗದ ಬೇಗ ಮೆತ್ತಗಾಗುತ್ತದೆ. ಈ ಹಾಳೆಗಳಿಗೆ ಆಗಾಗ ಬಿಸಿಲು ತೋರಿಸಿ, ಒಣಗಿದ ಜಾಗದಲ್ಲಿ ಇಟ್ಟುಕೊಳ್ಳಿ.